ಮುಂದಿನ ಕ್ಯಾರಿಯರ್

ನಮ್ಮ ಭಾಗದ ಸೈಕಲ್ಲು ಹೊರುವುದೆಲ್ಲ ಬೆನ್ನ ಮೇಲೆ. ಗದಗ-ಬೆಟಗೇರಿಯ ಓಣಿಗಳಲ್ಲಿ ಓಡಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೇಕಾರರ ನೂಲಿನ ಗಂಟು, ನೇಯ್ದ ಸೀರೆಗಳ ಕಟ್ಟು, ಗಿರಣಿಗೆ ಹೋಗುವ ಜೋಳದ ಚೀಲ, ಎಮ್ಮೆಗೆ ಹಸಿ ಮೇವಿನ ಹೊರೆ, ಅದರ ಮೇಲೊಂದು ಮಗು, ಎಲ್ಲವೂ ಹಿಂದಿನ ಕ್ಯಾರಿಯರಿಗೇ. ಗದಗ ಹಳೆಯ ಮುದ್ರಣಾಲಯಗಳ ಊರು. ಅಚ್ಚಾದ ಹಾಳೆಗಳು ಬೈಂಡಿಂಗಿಗೆ ಹೋಗುತ್ತಿದ್ದುದೂ ಹೀಗೆಯೇ. ಹಾಲಿನವರು ಎರಡೂ ಬದಿಗೆ ಕ್ಯಾನು ತೂಗಿಬಿಡುತ್ತಿದ್ದರು, ಅದೂ ಹಿಂದೆಯೇ. ಮುಂದಿನ ಗಾಲಿಯ ಮೇಲೆ ಭಾರ ಇಡುವ ಧೈರ್ಯ ಮಾಡುತ್ತಿದ್ದವರು ಪೇಪರ್ ಹಾಕುವ ಹುಡುಗರು, ಬ್ರೆಡ್ಡು-ಬನ್ನು ಮಾರುವವರು, ಇಷ್ಟೇ. ಉಳಿದವರ ಲೆಕ್ಕದಲ್ಲಿ ಮುಂದಿನ ಗಾಲಿ ಇರುವುದು ತಿರುಗಲಿಕ್ಕೆ. ದಾರಿ ತೋರಿಸುವವನ ತಲೆಯ ಮೇಲೆಯೇ ಮೂಟೆ ಹೊರಿಸಿದರೆ ಹೇಗೆ ಎಂಬ ವಾದ.

ಹಾಗಿದ್ದೂ ನಮ್ಮ ಮನೆಯ ಹಳೆಯ ಸೈಕಲ್ಲಿಗೆ ಮುಂದೊಂದು ಕ್ಯಾರಿಯರ್ ಬಂತು. ಅದಕ್ಕೂ ನನ್ನ ತಂಗಿಯ ಎಂಟನೇ ಇಯತ್ತೆಗೂ ಸಂಬಂಧವಿದೆ.

1991ರ ಜೂನ್ ತಿಂಗಳು. ಗದಗ ಆಗಿನ್ನೂ ಜಿಲ್ಲೆಯಾಗಿರಲಿಲ್ಲ, ಆದದ್ದು 1997ರಲ್ಲಿ. ನಾವು ಧಾರವಾಡ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನವರು. ಕಪ್ಪತಗುಡ್ಡದ ಮಗ್ಗುಲಿನ ನಮ್ಮ ಹಳ್ಳಿಯಲ್ಲಿ ಏಳನೇ ಇಯತ್ತೆಯವರೆಗೆ ಮಾತ್ರ ಸಾಲಿ ಇತ್ತು. ಮುಂದೆ ಓದಬೇಕೆಂದರೆ ಶಿರಹಟ್ಟಿಗೆ ಆರು ಕಿಲೋಮೀಟರ್. ಮುಂಜಾನೆ ಬರುವ ಒಂದೇ ಬಸ್ಸು ಸಾಲಿಯ ಗಂಟೆ ಹೊಡೆದ ಮೇಲೆ ಊರು ಮುಟ್ಟುತ್ತಿತ್ತು. ಗಂಡುಹುಡುಗರು ಸೈಕಲ್ ಮೇಲೋ ನಡೆದೋ ಹೋಗುತ್ತಿದ್ದರು. ಹೆಣ್ಣುಮಕ್ಕಳು ಏಳನೆಯದು ಪಾಸಾದ ಮೇಲೆ ಮೆಣಸಿನಕಾಯಿ ಬಿಡಿಸಲು, ಶೇಂಗಾ ಕೀಳಲು ಹೊಲಕ್ಕೆ ನಡೆಯುತ್ತಿದ್ದರು. ಯಾರೂ ಅವರಿಗೆ 'ಸಾಲಿ ಬಿಡು' ಎಂದು ಹೇಳಿದ್ದು ನನಗೆ ನೆನಪಿಲ್ಲ. ಸುಮ್ಮನೆ ಜೂನ್ ತಿಂಗಳು ಬಂದು ಹೋಗುತ್ತಿತ್ತು.

ನಾನು ಆ ವರ್ಷ ಹತ್ತನೆಯ ಇಯತ್ತೆ. ಅಪ್ಪನ ಸೈಕಲ್ಲು ಎರಡು ವರ್ಷದಿಂದ ನನ್ನ ಕೈಯಲ್ಲಿತ್ತು. ಇಪ್ಪತ್ತೆಂಟು ಇಂಚಿನ ಗಾಲಿ, ಸರಳಿನ ಬ್ರೇಕು, ಹಿಂದೆ ಎತ್ತಿ ನಿಲ್ಲಿಸುವ ಜೋಡು ಸ್ಟ್ಯಾಂಡು. ಯಾವ ಕಂಪನಿಯದೆಂದು ಹೇಳಲು ಅದರ ಮೇಲೆ ಬಣ್ಣವೇ ಉಳಿದಿರಲಿಲ್ಲ. ತಂಗಿಯನ್ನು ಹಿಂದೆ ಕೂಡಿಸಿಕೊಂಡು ನಾನೇ ಕರೆದೊಯ್ಯುತ್ತೇನೆ ಎಂದು ರಾತ್ರಿ ಊಟದ ಹೊತ್ತಿಗೆ ಮಾತು ತೆಗೆದೆ. ಅಪ್ಪ ಒಂದಿಷ್ಟು ಹೊತ್ತು ರೊಟ್ಟಿ ಮುರಿಯುತ್ತ ಕೂತ.

"ಆಕಿನ ಹಿಂದ ಕುಂದ್ರಿಸಿದರ ಪಾಟಿಚೀಲ ಎಲ್ಲಿ ಇಡತಿ?" ಎಂದ.

ಪ್ರಶ್ನೆ ಚಿಕ್ಕದು. ಆದರೆ ಊರ ಜನ ಏನಂದಾರು, ಮಳೆ ಹಿಡಿದರೆ ಏನು ಗತಿ, ಮುಂದಿನ ವರ್ಷ ಇವನು ಗದಗಿಗೆ ಕಾಲೇಜಿಗೆ ಹೋದ ಮೇಲೆ ಇವಳ ಪಾಡೇನು ಎಂಬ ದೊಡ್ಡ ಪ್ರಶ್ನೆಗಳೆಲ್ಲ ಅದರ ಹಿಂದೆ ಸಾಲುಗಟ್ಟಿ ನಿಂತಿದ್ದವು. ತಂದೆ-ತಾಯಿ ದೊಡ್ಡ ಅಂಜಿಕೆಯನ್ನು ಸಣ್ಣ ಮಾತಿನಲ್ಲಿ ಮುಚ್ಚಿಟ್ಟು ಕೇಳುವುದನ್ನು ಆಮೇಲೆ ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಅವ್ವ ಜಾಣೆ. ದೊಡ್ಡದಕ್ಕೆ ಕೈ ಹಾಕಲಿಲ್ಲ. ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟಳು.

"ಮುಂದ ಒಂದು ಕ್ಯಾರಿಯರ್ ಹಾಕಸ್ರಿ. ಮುಂಡರಗಿ ನಮ್ಮ ಅಣ್ಣನ ಮನ್ಯಾಗ ಬಿದ್ದೈತಲ್ಲ, ಅದನ್ನ ತರಸಿದರಾತು."

ಪಾಟಿಚೀಲದ ಪ್ರಶ್ನೆ ನಿಜವಾದ ಪ್ರಶ್ನೆಯೂ ಹೌದು, ಅದನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ನನ್ನ ಬೆನ್ನಿಗೆ ಚೀಲ ಹಾಕಿಕೊಂಡರೆ ಹಿಂದೆ ಕೂತವಳ ಮುಖಕ್ಕೆ ಬಡಿಯುತ್ತದೆ. ಅವಳ ತೊಡೆಯ ಮೇಲಿಟ್ಟರೆ ಕ್ಯಾರಿಯರ್ ಹಿಡಿಯಲು ಅವಳಿಗೆ ಕೈ ಉಳಿಯುವುದಿಲ್ಲ. ಹ್ಯಾಂಡಲ್ಲಿಗೆ ತೂಗಹಾಕುವುದು ಎಲ್ಲರೂ ಮಾಡುವ ಕೆಲಸ, ಎಲ್ಲಕ್ಕಿಂತ ಕೆಟ್ಟ ಕೆಲಸವೂ ಅದೇ. ಚೀಲ ತೂಗಾಡಿದಂತೆಲ್ಲ ಹ್ಯಾಂಡಲ್ಲು ಎಳೆಯುತ್ತದೆ, ಮೊಣಕಾಲಿಗೆ ಬಡಿಯುತ್ತದೆ, ಅದರ ಪಟ್ಟಿ ಸಡಿಲಾಗಿ ಗಾಲಿಯ ಕಡ್ಡಿಗಳಲ್ಲಿ ಸಿಕ್ಕಿತೆಂದರೆ ಗಾಲಿ ಅಲ್ಲೇ ನಿಂತು ಸವಾರ ಹ್ಯಾಂಡಲ್ಲಿನ ಮೇಲಿಂದ ಹಾರಿ ಬೀಳುತ್ತಾನೆ. ಇಂದಿಗೂ ಮಕ್ಕಳು ಹೀಗೆ ಚೀಲ ತೂಗಿಕೊಂಡು ಹೋಗುವುದನ್ನು ನೋಡಿದರೆ ನಿಲ್ಲಿಸಿ ಹೇಳಬೇಕೆನಿಸುತ್ತದೆ. ಕೆಲವು ಸಲ ಹೇಳಿಯೂ ಇದ್ದೇನೆ. ಪರಿಚಯವಿಲ್ಲದ ಮುದುಕ ಎಂದು ನೋಡಿ ಹೋಗುತ್ತಾರೆ.

ಮುಂಡರಗಿಯ ಸೋದರಮಾವ ಸುತ್ತಿನ ಹಳ್ಳಿಗಳಿಗೆ ಸೈಕಲ್ಲಿನಲ್ಲಿ ಬ್ರೆಡ್ಡು, ಖಾರಿ ಒಯ್ದು ಮಾರುತ್ತಿದ್ದ. ಲೂನಾ ಕೊಂಡ ಮೇಲೆ ಸೈಕಲ್ಲು ಮಾರಿ ಕ್ಯಾರಿಯರ್ ಮಾತ್ರ ಅಟ್ಟದ ಮೇಲೆ ಇಟ್ಟಿದ್ದ. ಮುಂಡರಗಿಗೂ ನಮಗೂ ನಡುವೆ ಕಪ್ಪತಗುಡ್ಡ. ಹಕ್ಕಿಯಾಗಿದ್ದರೆ ನೇರವಾಗಿ ಬರಬಹುದಿತ್ತು, ಬಸ್ಸಿಗೆ ಗದಗ ಸುತ್ತಿಕೊಂಡೇ ಬರಬೇಕು. ಮಾವ ಅದನ್ನು ಬಸ್ಸಿನ ಟಾಪಿನ ಮೇಲೆ ಹಾಕಿಕೊಂಡು ಗದಗಿಗೆ ಬಂದ. ಒಂದು ಕಾಲಿನ ಬೆಸುಗೆ ಬಿಟ್ಟಿತ್ತು. ಬೆಟಗೇರಿಯ ವೆಲ್ಡಿಂಗ್ ಅಂಗಡಿಯಲ್ಲಿ ಕೂಡಿಸಿಕೊಂಡು ಮತ್ತೊಂದು ಬಸ್ಸು ಹಿಡಿದು ಶಿರಹಟ್ಟಿಯಲ್ಲಿ ಇಳಿದ. ಒಂದು ಮೊಳಕ್ಕೂ ಕಡಿಮೆ ಉದ್ದದ ಸರಳಿನ ಹಾಸು, ಸುತ್ತಲೂ ಎರಡು ಬೆರಳು ಎತ್ತರದ ಕಟ್ಟು, ಕೆಳಗೆ ಎರಡೂ ಬದಿಗೆ ಗಾಲಿಯ ಆಕ್ಸಲ್‌ವರೆಗೆ ಇಳಿಯುವ ಕಾಲುಗಳು, ಮೇಲೆ ಹ್ಯಾಂಡಲ್ಲಿಗೆ ಬಿಗಿಯುವ ಎರಡು ಪಟ್ಟಿ. ಇಷ್ಟೇ ಅದರ ವೈಭವ.

ನಮ್ಮ ಸೈಕಲ್ಲಿನ ವೈದ್ಯನೆಂದರೆ ಶಿರಹಟ್ಟಿಯ ಬೇವಿನ ಗಿಡದ ಕೆಳಗಿನ ಮಿಸ್ತ್ರಿ. ನಾವು ಕಾಕಾ ಎನ್ನುತ್ತಿದ್ದೆವು. ಆತ ಕ್ಯಾರಿಯರನ್ನು ತಿರುಗಿಸಿ ನೋಡಿ, ಸೈಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಪಾನಾ ಮುಟ್ಟುವ ಮೊದಲೇ ಮೂರು ತಕರಾರು ತೆಗೆದ.

ಮೊದಲನೆಯದು ದೀಪ. ಹ್ಯಾಂಡಲ್ಲಿನ ಮುಂದಿದ್ದ ದೀಪ ಕ್ಯಾರಿಯರಿನ ಕೆಳಗೆ ಸಿಕ್ಕಿಕೊಳ್ಳುತ್ತಿತ್ತು. ಅದನ್ನು ಬಿಚ್ಚಿ ಕ್ಯಾರಿಯರಿನ ಮುಂದಿನ ಅಂಚಿಗೇ ಕೂಡಿಸಿದ. ಡೈನಮೋದ ವಾಯರಿಗೆ ಒಂದು ಗೇಣು ತುಂಡು ಸೇರಿಸಿದ. ಅದು ಸುಲಭದ ಕೆಲಸ.

ಎರಡನೆಯದು ಬ್ರೇಕು. ಹಳೆಯ ಸೈಕಲ್ಲುಗಳನ್ನು ಕಂಡಿಲ್ಲದ ಮಕ್ಕಳಿಗಾಗಿ ಹೇಳಬೇಕು: ಅವುಗಳಲ್ಲಿ ಬ್ರೇಕಿಗೆ ತಂತಿಯಿರಲಿಲ್ಲ, ಕಬ್ಬಿಣದ ಸರಳು. ಹಿಡಿಕೆ ಒತ್ತಿದರೆ ಹ್ಯಾಂಡಲ್ಲಿನ ಮುಂದೆ ಇಳಿದ ಸರಳು ಮೇಲಕ್ಕೆ ಎಳೆಯಲ್ಪಟ್ಟು, ಟಾಯರನ್ನು ಕವಲಿನಂತೆ ಬಳಸಿಕೊಂಡ ಕಡ್ಡಿಯ ತುದಿಯ ರಬ್ಬರುಗಳು ರಿಮ್ಮಿನ ಒಳಮೈಗೆ ಕೆಳಗಿನಿಂದ ಒತ್ತುತ್ತಿದ್ದವು. ಕ್ಯಾರಿಯರಿನ ಅಡ್ಡಪಟ್ಟಿ ಈ ಸರಳಿಗೆ ಕೂದಲೆಳೆ ತಾಗಿದರೂ ಸಾಕು, ಬ್ರೇಕು ಹತ್ತುವುದಿಲ್ಲ, ಇಲ್ಲವೇ ಹತ್ತಿದ್ದು ಬಿಡುವುದಿಲ್ಲ. ಕಾಕಾ ಪಟ್ಟಿಯನ್ನು ಬೆಂಕಿಗೆ ಹಿಡಿದು ಬಗ್ಗಿಸಿ ನಡುವೆ ಒಂದು ಬೆರಳು ಜಾಗ ಬಿಡಿಸಿದ. ಆಮೇಲೆ ಹ್ಯಾಂಡಲ್ಲನ್ನು ಪೂರ್ತಿ ಎಡಕ್ಕೆ ಹೊರಳಿಸಿ ಬ್ರೇಕು ಒತ್ತು ಎಂದ, ಪೂರ್ತಿ ಬಲಕ್ಕೆ ಹೊರಳಿಸಿ ಒತ್ತು ಎಂದ. ನೇರ ನಿಂತಾಗ ಸರಿಯಿದ್ದದ್ದು ತಿರುವಿನಲ್ಲಿ ಸರಿಯಿರಬೇಕೆಂದೇನೂ ಇಲ್ಲ. ಬ್ರೇಕು ಬೇಕಾಗುವುದು ಹೆಚ್ಚಾಗಿ ತಿರುವಿನಲ್ಲಿಯೇ.

ಮೂರನೆಯ ತಕರಾರಿಗೆ ಎಂಟು ದಿನ ಹಿಡಿಯಿತು. ಮುಂದಿನ ಗಾಲಿಯ ಆಕ್ಸಲ್ ತುದಿಯಲ್ಲಿ ಮೊದಲು ಫೋರ್ಕು ಕೂಡಬೇಕು, ಅದರ ಮೇಲೆ ಮಡ್‌ಗಾರ್ಡಿನ ಕಡ್ಡಿ, ಅದರ ಮೇಲೆ ಕ್ಯಾರಿಯರಿನ ಕಾಲು, ಆಮೇಲೆ ವಾಷರು, ಕೊನೆಗೆ ನಟ್ಟು. ಹೊಸದಾಗಿ ಬಂದ ಕಾಲಿಗೆ ಜಾಗ ಕೊಟ್ಟರೆ ನಟ್ಟಿಗೆ ಅರ್ಧವೇ ಥ್ರೆಡ್ಡು ಉಳಿಯುತ್ತಿತ್ತು. ಹಾಗೆಯೇ ಬಿಗಿದುಬಿಡಿ ಎಂದ ಮಾವ. ತನ್ನ ಸೈಕಲ್ಲಿಗೆ ಅಷ್ಟೂ ವರ್ಷ ಹಾಗೆಯೇ ಇತ್ತಂತೆ. ಕಾಕಾ ಒಪ್ಪಲಿಲ್ಲ.

"ನಿಮ್ಮ ಬ್ರೆಡ್ಡು ಬಿದ್ದರ ಧೂಳ ಝಾಡಿಸಿ ಇಡತೀರಿ ಮಾಮಾ. ಇಲ್ಲಿ ಹಿಂದ ಹುಡಿಗಿ ಕುಂತಿರತಾಳ. ನಟ್ಟು ಪೂರಾ ಕುಂತು ಮ್ಯಾಲ ಎರಡು ಸುತ್ತು ಕಾಣಬೇಕು. ಉದ್ದಂದು ಆಕ್ಸಲ್ ತರ್ರಿ, ಅಲ್ಲೀತನಕ ನಾ ಮುಟ್ಟೂದಿಲ್ಲ."

ಶಿರಹಟ್ಟಿಯಲ್ಲಿ ಅಂಥದು ಸಿಗಲಿಲ್ಲ. ಅಪ್ಪ ಸಂತೆಗೆ ಹೋದವನು ಲಕ್ಷ್ಮೇಶ್ವರದಿಂದ ತಂದ. ಪಂಪ ತನ್ನ ಕಾವ್ಯದ ನುಡಿ ಪುಲಿಗೆರೆಯ ತಿರುಳ್ಗನ್ನಡವೆಂದು ಹೇಳಿಕೊಂಡ ಆ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಅಲ್ಲಿಂದ ನಮ್ಮ ಮನೆಗೆ ಬಂದದ್ದು ಅರ್ಧ ಇಂಚು ಉದ್ದ ಹೆಚ್ಚಿದ್ದ ಒಂದು ಆಕ್ಸಲ್. ಆ ಎಂಟು ದಿನ ತಂಗಿ ಸಾಲಿಗೆ ಹೋಗಲಿಲ್ಲ. ಪಾಟಿಚೀಲಕ್ಕೆ ಪುಸ್ತಕ ತುಂಬುವುದು, ತೆಗೆಯುವುದು, ಮತ್ತೆ ತುಂಬುವುದು ಮಾಡುತ್ತಿದ್ದಳು. ಜೂನ್ ತಿಂಗಳು ಬಂದು ಹೋಗುತ್ತಿತ್ತಲ್ಲ, ಅದರ ಭಯ ಅವಳಿಗೂ ಇತ್ತೆಂದು ಕಾಣುತ್ತದೆ.

ಆಕ್ಸಲ್ ಬದಲಿಸಿ, ಕೋನುಗಳನ್ನು ಗಾಲಿ ಸಲೀಸಾಗಿ ತಿರುಗುವಷ್ಟು ಮಾತ್ರ ಬಿಗಿದು, ಕ್ಯಾರಿಯರ್ ಕೂಡಿಸಿದ ಮೇಲೆ ಕಾಕಾ ಮಾಡಿದ ಪರೀಕ್ಷೆಯನ್ನು ನಾನು ಮರೆಯಲಾರೆ. ಎದುರಿನ ಕಿರಾಣಿ ಅಂಗಡಿಯಿಂದ ಐದು ಕಿಲೋದ ಎರಡು ತೂಕದ ಕಲ್ಲು ತರಿಸಿದ. ಎರಡನ್ನೂ ಒಂದೇ ಬದಿಗೆ ಕಟ್ಟಿ, ಬೇವಿನ ಗಿಡದಿಂದ ಬಸ್‌ಸ್ಟ್ಯಾಂಡಿನವರೆಗೆ ಹೋಗಿ ಬಾ ಎಂದ. ಸೈಕಲ್ಲು ಹಗ್ಗ ಹಿಡಿದು ಎಳೆದಂತೆ ಒಂದೇ ಕಡೆಗೆ ಜಗ್ಗಿತು. ಎರಡನೆಯ ಸಲ ನಡುವೆ ಇಟ್ಟು, ಹಳೆಯ ಟ್ಯೂಬಿನ ಪಟ್ಟಿಯಿಂದ ಅಲುಗದಂತೆ ಬಿಗಿದು ಕಳಿಸಿದ. ನಿಧಾನವಾಗಿ ಹೋಗುವಾಗ ಹ್ಯಾಂಡಲ್ಲು ಭಾರವೆನಿಸಿತು, ವೇಗ ಹಿಡಿದ ಮೇಲೆ ಗೊತ್ತೇ ಆಗಲಿಲ್ಲ. ಕಾರಣವನ್ನೂ ಆತನೇ ಹೇಳಿದ. ಹಿಂದಿನ ಭಾರ ಸೈಕಲ್ಲಿನ ಮೇಲೆ ಕೂತಿರುತ್ತದೆ. ಮುಂದಿನದು ಹ್ಯಾಂಡಲ್ಲಿನ ಜೊತೆಗೇ ತಿರುಗುತ್ತದೆ. ತಿರುಗುವ ಭಾರ ನಟ್ಟನಡುವೆ ಇರಬೇಕು, ಆದಷ್ಟು ಕೆಳಗಿರಬೇಕು, ಅಲುಗಾಡಬಾರದು.

ಇಂಗ್ಲೆಂಡಿನಲ್ಲಿ ಹಿಂದೆ ಬ್ರೆಡ್ಡು, ಮಾಂಸ ಮನೆಮನೆಗೆ ಮುಟ್ಟಿಸುತ್ತಿದ್ದ ಅಂಗಡಿಯ ಸೈಕಲ್ಲುಗಳಲ್ಲಿ ಇದಕ್ಕೆ ಬೇರೆಯೇ ಉಪಾಯವಿತ್ತೆಂದು ನನಗೆ ಗೊತ್ತಾದದ್ದು ಬಹಳ ಆಮೇಲೆ. ಅವುಗಳ ಮುಂದಿನ ಗಾಲಿ ಚಿಕ್ಕದು. ಅದರ ಮೇಲಿನ ದೊಡ್ಡ ಕ್ಯಾರಿಯರ್ ಫ್ರೇಮಿಗೇ ಕೂಡಿರುತ್ತಿತ್ತು. ಹ್ಯಾಂಡಲ್ಲು ತಿರುಗಿದರೂ ಬುಟ್ಟಿ ತಿರುಗುತ್ತಿರಲಿಲ್ಲ. ಅಷ್ಟು ಭಾರ ಹೊರಬೇಕಾದವರಿಗೆ ಅದೇ ಸರಿ. ಎರಡು ಪಾಟಿಚೀಲಕ್ಕೆ ನಮ್ಮದೇ ಸಾಕು. ಅಂದಹಾಗೆ, 2019ರಲ್ಲಿ ರಾಜ್ಯ ಸರ್ಕಾರ ಶಾಲಾಚೀಲದ ತೂಕ ಮಗುವಿನ ತೂಕದ ಹತ್ತರಲ್ಲಿ ಒಂದಂಶ ಮೀರಬಾರದೆಂದು ಆದೇಶಿಸಿತು. 9 ಮತ್ತು 10ನೇ ತರಗತಿಗೆ 4ರಿಂದ 5 ಕಿಲೋ. ಎರಡು ಚೀಲ ಸೇರಿದರೆ ಕಾಕಾ ಇಟ್ಟ ಹತ್ತು ಕಿಲೋದ ಕಲ್ಲಿಗೆ ಸಮ. ಆತನ ಅಂದಾಜು ಸರ್ಕಾರಕ್ಕಿಂತ ಇಪ್ಪತ್ತೆಂಟು ವರ್ಷ ಮುಂದಿತ್ತು!

ಇನ್ನೊಂದು ತೊಂದರೆ ಮನೆಗೆ ಬಂದ ಮೇಲೆ ತಿಳಿಯಿತು. ಚೀಲವಿಟ್ಟು ಸ್ಟ್ಯಾಂಡ್ ಹಾಕಿದರೆ ಮುಂದಿನ ಗಾಲಿ ಕುತ್ತಿಗೆ ಹೊರಳಿಸಿ ಒಂದು ಬದಿಗೆ ಬೀಳುತ್ತಿತ್ತು, ಚೀಲದಲ್ಲಿದ್ದ ಬುತ್ತಿಯ ಚಟ್ನಿ ಪುಸ್ತಕಕ್ಕೆ ಇಳಿಯುತ್ತಿತ್ತು. ಕಾಕಾ ಫ್ರೇಮಿನಿಂದ ಮಡ್‌ಗಾರ್ಡಿನ ಕಡ್ಡಿಗೆ ಟ್ಯೂಬಿನ ಒಂದು ಪಟ್ಟಿ ಕಟ್ಟಿಕೊಟ್ಟ. ಗಾಲಿ ಹೊರಳಿದರೆ ರಬ್ಬರು ಎಳೆದು ನೇರ ಮಾಡುತ್ತಿತ್ತು. ದುಡ್ಡು ಕೇಳಲಿಲ್ಲ.

ಆ ವರ್ಷದ ದಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಷಾಢದಲ್ಲಿ ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನುಗಾಳಿ. ಇಂದು ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳನ್ನು ನಿಲ್ಲಿಸಿದ್ದಾರೆ. ಆ ಗಾಳಿಯ ಕಸುವು ನಮ್ಮ ತೊಡೆಗಳಿಗೆ ಮೊದಲೇ ಗೊತ್ತಿತ್ತು. ಮಳೆ ಬಿದ್ದ ದಿನ ಎರೆಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಹೊಕ್ಕು ಗಾಲಿಯೇ ತಿರುಗುತ್ತಿರಲಿಲ್ಲ. ತಂಗಿ ಇಳಿದು, ಕ್ಯಾರಿಯರಿಗೆ ಸಿಕ್ಕಿಸಿಟ್ಟಿದ್ದ ಜಾಲಿಯ ಕಡ್ಡಿಯಿಂದ ಮಣ್ಣು ತೆಗೆಯುತ್ತಿದ್ದಳು. ಹಿಂದೆ ಕೂಡುವವಳ ಕಾಲು ಗಾಲಿಯಲ್ಲಿ ಸಿಗದಂತೆ ಸೀರೆಗಾರ್ಡು, ಪಾದ ಇಡಲು ಒಂದು ಕಡ್ಡಿ, ಇವನ್ನೂ ಅಪ್ಪ ತಾನಾಗಿಯೇ ಹಾಕಿಸಿದ್ದ. ಊರ ಜನ ಅಂದದ್ದು ಅಂದರು. ನಾಲ್ಕು ದಿನಕ್ಕೆ ಅವರಿಗೂ ಬೇಸರವಾಯಿತು.

ಮರುವರ್ಷ ನಾನು ಪಿಯುಸಿಗೆ ಗದಗಿಗೆ ಹೋದೆ. ಅಪ್ಪನ ಮೂಲ ಪ್ರಶ್ನೆ ಈಗ ನೇರವಾಗಿಯೇ ಎದುರು ನಿಂತಿತು. ಅಷ್ಟರಲ್ಲಿ ತಂಗಿ ರಜೆಯ ದಿನಗಳಲ್ಲಿ ಅದೇ ಗಂಡಸರ ಸೈಕಲ್ಲಿನಲ್ಲಿ ಒಳಪೆಡಲು ಹೊಡೆದು ಕಲಿತುಬಿಟ್ಟಿದ್ದಳು. ಆದರೆ ಲಂಗ ಉಟ್ಟು ನಡುವಿನ ದಂಡಿಗೆಯ ಸೈಕಲ್ಲಿನಲ್ಲಿ ದಿನಾ ಆರು ಕಿಲೋಮೀಟರ್ ಹೋಗುವಂತಿರಲಿಲ್ಲ. ಶೇಂಗಾ ಮಾರಿದ ದುಡ್ಡಿನಲ್ಲಿ ಅಪ್ಪ ಲಕ್ಷ್ಮೇಶ್ವರದಲ್ಲಿ ನರ್ಸಬಾಯಿಯೊಬ್ಬರು ಮಾರಲಿಟ್ಟಿದ್ದ ಹಳೆಯ ಲೇಡೀಸ್ ಸೈಕಲ್ಲು ತಂದ. ಯಾರೂ ಹೇಳದಿದ್ದರೂ ಕ್ಯಾರಿಯರನ್ನು ಬಿಚ್ಚಿಸಿ ಅದಕ್ಕೆ ಹಾಕಿಸಲು ಹೊರಟವನೂ ಅಪ್ಪನೇ. ಗಾಲಿ ಇಪ್ಪತ್ತಾರು ಇಂಚಿನದು, ಎಂದರೆ ಆಕ್ಸಲ್‌ನಿಂದ ಟಾಯರಿನ ನೆತ್ತಿಯವರೆಗೆ ಒಂದಿಂಚು ಕಡಿಮೆ. ಕಾಕಾ ಕಾಲುಗಳಲ್ಲಿ ಇಂಚು ಮೇಲೆ ಹೊಸ ತೂತು ಕೊರೆದು ಕೂಡಿಸಿದ. ಆ ಜೂನಿನಲ್ಲಿ ಓಣಿಯ ಇನ್ನೊಂದು ಹುಡುಗಿ ಅವಳ ಹಿಂದೆ ಕೂತು ಎಂಟನೆಯದಕ್ಕೆ ಹೋಗತೊಡಗಿದಳು. ಎರಡು ಪಾಟಿಚೀಲ ಮುಂದೆ.

ಸರ್ಕಾರ ಇದನ್ನು ಕಂಡುಕೊಂಡದ್ದು 2006-07ರಲ್ಲಿ. ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆಗ ಕರ್ನಾಟಕದಲ್ಲಿ ಆರಂಭವಾಯಿತು. ಹೆಣ್ಣುಮಕ್ಕಳ ಸೈಕಲ್ಲಿಗೆ ಮುಂದೆ ಬುಟ್ಟಿ ಇದ್ದದ್ದನ್ನು ನೋಡಿ ನನಗೆ ನಗು ಬಂದಿತ್ತು. 2020ರ ಕೊರೊನಾ ಹೊತ್ತಿಗೆ ಆ ವಿತರಣೆ ನಿಂತಿತು. ಬಿಹಾರದಲ್ಲಿಯೂ 2006ರಲ್ಲಿ ಒಂಬತ್ತನೇ ತರಗತಿಯ ಹುಡುಗಿಯರಿಗಾಗಿ ಇಂಥದೇ ಯೋಜನೆ ಬಂದಿತ್ತು. ಅದನ್ನು ಅಭ್ಯಾಸ ಮಾಡಿದ ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್, ಪ್ರೌಢಶಾಲೆ ಸೇರುವ ಹುಡುಗಿಯರ ಪ್ರಮಾಣ ಶೇಕಡಾ 32ರಷ್ಟು ಏರಿತೆಂದೂ ಹುಡುಗ-ಹುಡುಗಿಯರ ನಡುವಿನ ಅಂತರ ಶೇಕಡಾ 40ರಷ್ಟು ಇಳಿಯಿತೆಂದೂ 2017ರಲ್ಲಿ ಪ್ರಕಟಿಸಿದರು. ಶಾಲೆ ದೂರವಿದ್ದ ಹಳ್ಳಿಗಳಲ್ಲಿಯೇ ಹೆಚ್ಚಿನ ಬದಲಾವಣೆ ಕಂಡಿತಂತೆ. ಅವ್ವನಿಗೆ ಇದನ್ನು ಓದಿ ಹೇಳಿದೆ. "ಅದಕ್ಕ ಅಷ್ಟು ಲೆಕ್ಕ ಯಾಕ ಬೇಕಾತು?" ಎಂದಳು.

ತಂಗಿ ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿ ಟಿಸಿಎಚ್ ಮಾಡಿಕೊಂಡಳು. ಈಗ ಮುಂಡರಗಿ ತಾಲ್ಲೂಕಿನಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಹೋದ ವರ್ಷ ಅವಳ ಮಗ ತನ್ನ ಗೇರ್ ಸೈಕಲ್ಲಿಗೆ ಆ ಹಳೆಯ ಕ್ಯಾರಿಯರ್ ಹಾಕಿಸಬೇಕೆಂದು ಹಟ ಹಿಡಿದ. ಕೂಡುವಂತಿರಲಿಲ್ಲ. ಅವನ ಸೈಕಲ್ಲಿನ ಮುಂದಿನ ಫೋರ್ಕಿಗೆ ಶಾಕ್‌ಅಬ್ಸಾರ್ಬರ್ ಇದೆ. ತಗ್ಗು ಬಂದಾಗ ಕೆಳಗಿನ ಭಾಗ ಮೇಲೇರುತ್ತದೆ, ಹ್ಯಾಂಡಲ್ಲು ಇದ್ದಲ್ಲೇ ಇರುತ್ತದೆ. ಕೆಳಗೆ ಆಕ್ಸಲ್ಲಿಗೂ ಮೇಲೆ ಹ್ಯಾಂಡಲ್ಲಿಗೂ ಬಿಗಿದ ಗಟ್ಟಿ ಕ್ಯಾರಿಯರ್ ಅಂಥ ಕಡೆ ಒಂದೋ ಬಾಗಬೇಕು, ಇಲ್ಲವೇ ಶಾಕ್‌ಅಬ್ಸಾರ್ಬರನ್ನು ಹಿಡಿದು ನಿಲ್ಲಿಸಬೇಕು. ಇಂಥ ಸೈಕಲ್ಲು ಇದ್ದವರು ಹಿಂದೆಯೇ ಒಂದು ಕ್ಯಾರಿಯರ್ ಹಾಕಿಸುವುದು ಮೇಲು. ಅವನಿಗೂ ಹಾಗೆಯೇ ಮಾಡಿಸಿದೆವು. ಗಟ್ಟಿ ಫೋರ್ಕಿನ ಹಳೆಯ ಸೈಕಲ್ಲು ಮನೆಯಲ್ಲಿದ್ದವರು ಮಾತ್ರ ಧಾರಾಳವಾಗಿ ಮುಂದೆ ಹಾಕಿಸಬಹುದು. ಹಾಕಿಸಿದ ಎಂಟು ದಿನಕ್ಕೆ ಒಮ್ಮೆ ನಟ್ಟುಗಳನ್ನೆಲ್ಲ ಮತ್ತೆ ಬಿಗಿಯಬೇಕು. ನಮ್ಮ ರಸ್ತೆಗಳು ಮೊದಲ ವಾರದಲ್ಲಿಯೇ ಅವನ್ನು ಸಡಿಲಿಸುತ್ತವೆ.

ಹಳೆಯ ಕ್ಯಾರಿಯರ್ ಮತ್ತೆ ನರ್ಸಬಾಯಿಯ ಸೈಕಲ್ಲಿಗೇ ಏರಿದೆ. ತಂಗಿ ಅದರಲ್ಲಿ ಸಂತೆಗೆ ಹೋಗಿ ಕಾಯಿಪಲ್ಲೆ ತರುತ್ತಾಳೆ. ಮಾವ ಬೆಟಗೇರಿಯಲ್ಲಿ ಕೂಡಿಸಿದ್ದ ಬೆಸುಗೆ ಇನ್ನೂ ಗಟ್ಟಿಯಿದೆ. ಇನ್ನೊಂದು ಕಾಲಿನದು ಈಚೆಗೆ ಬಿರುಕು ಬಿಟ್ಟಿದೆಯಂತೆ. ದಸರೆ ರಜೆಯಲ್ಲಿ ಬಂದಾಗ ತರುತ್ತೇನೆ, ವೆಲ್ಡಿಂಗ್ ಮಾಡಿಸಿಕೊಡು ಎಂದು ಹೇಳಿಕಳಿಸಿದ್ದಾಳೆ.